ಧಾರವಾಡ ಸೀಮೆಯಲ್ಲಿ ಅಸ್ವಸ್ಥಚಿತ್ತರ ಬಂಧನವೂ ಅವರ ಅಹವಾಲೂ (1858–2018)

ಹಾವೇರಿ ತಾಲೂಕಿನ ಹೊಸರಿತ್ತಿಯ ಹೆಸರು ಚರಿತ್ರೆಯಲ್ಲಿ ನಿಂತಿರುವುದು 1943ರ ಏಪ್ರಿಲ್ 1ರಂದು ಮೈಲಾರ ಮಹಾದೇವರೂ ಅವರ ಇಬ್ಬರು ಸಂಗಡಿಗರೂ ಅಲ್ಲಿ ಪೋಲೀಸರ ಗುಂಡಿಗೆ ಬಲಿಯಾದುದರಿಂದ. ರಾಷ್ಟ್ರಕ್ಕಾಗಿ ಸೆರೆ ಸೇರಿದವರ ವೃತ್ತಾಂತವನ್ನು ನಮ್ಮವರು ಶ್ರದ್ಧೆಯಿಂದ ಬರೆದಿಟ್ಟಿದ್ದಾರೆ. ಆದರೆ ಯಾವ ಅಪರಾಧವನ್ನೂ ಮಾಡದೆ, ಬುದ್ಧಿ ಸ್ವಸ್ಥವಾಗಿಲ್ಲವೆಂಬ ಒಂದೇ ಕಾರಣಕ್ಕೆ ಅದೇ ಸೀಮೆಯಲ್ಲಿ ಸ್ವಾತಂತ್ರ್ಯವನ್ನು ಕಳೆದುಕೊಂಡವರ ಕಡೆಗೆ ಇತಿಹಾಸಕಾರರ ದೃಷ್ಟಿ ಹೊರಳಿದ್ದು ಕಡಮೆ. ಅಂಥವರನ್ನು ಯಾವ ವಿಧಿಯಿಂದ ಬಂಧಿಸಲಾಗುತ್ತಿತ್ತು, ತಮ್ಮ ಪರವಾಗಿ ನುಡಿಯಲು ಅವರಿಗೆ ಎಷ್ಟು ಎಡೆಯಿತ್ತು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಹಾವೇರಿ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಅದಕ್ಕೆ ಮೊದಲು ಈ ಭಾಗವೆಲ್ಲ ಧಾರವಾಡ ಜಿಲ್ಲೆಗೆ ಸೇರಿತ್ತು. ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತಕ್ಕೆ ಒಳಪಟ್ಟಿತ್ತು. ಆದುದರಿಂದ ಇಲ್ಲಿಯ ಜನರಿಗೆ ಅನ್ವಯಿಸಿದ್ದು ಮೈಸೂರು ಸಂಸ್ಥಾನದ ವ್ಯವಸ್ಥೆಯಲ್ಲ, ಬ್ರಿಟಿಷ್ ಇಂಡಿಯಾದ ಕಾಯಿದೆ. ಹುಚ್ಚರ ಆಸ್ಪತ್ರೆಯೂ 19ನೆಯ ಶತಮಾನದಲ್ಲಿಯೇ ಧಾರವಾಡದಲ್ಲಿ ಏರ್ಪಟ್ಟಿತ್ತು.

1858ರಲ್ಲಿ ಹೊರಟ ಕಾಯಿದೆಗಳಲ್ಲಿ ಎರಡನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 35ನೆಯ ಕಾಯಿದೆ ಆಸ್ತಿಯುಳ್ಳವರಿಗೆ ಸಂಬಂಧಿಸಿದ್ದು. ಒಬ್ಬನು ಅಸ್ವಸ್ಥಚಿತ್ತನೆಂದು ತೀರ್ಮಾನಿಸಿ ಅವನ ಹೊಲಮನೆಗಳನ್ನು ಇತರರ ವಶಕ್ಕೆ ಕೊಡಬೇಕಾದರೆ ಜಿಲ್ಲೆಯ ದಿವಾಣಿ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಬೇಕು. ಆತನಿಗೆ ನೋಟೀಸು ಮುಟ್ಟಬೇಕು. ತೀರ್ಪಿನ ಮೇಲೆ ಅಪೀಲಿಗೂ ಅವಕಾಶವುಂಟು. 36ನೆಯ ಕಾಯಿದೆಯಾದರೋ ಮನುಷ್ಯನ ದೇಹಕ್ಕೆ ಸಂಬಂಧಿಸಿದ್ದು. ಬೀದಿಯಲ್ಲಿ ಅಲೆಯುವವನನ್ನು ಪೋಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದು, ವೈದ್ಯಾಧಿಕಾರಿಯ ಪ್ರಮಾಣಪತ್ರದ ಮೇಲೆ ಆಸ್ಪತ್ರೆಗೆ ಕಳುಹಿಸುವುದು. ಇಷ್ಟರಲ್ಲಿ ವಿಚಾರಣೆ ಮುಗಿಯಿತು. ನಾಲ್ಕು ಎಕರೆ ಎರೆಭೂಮಿಯನ್ನು ಕಳೆದುಕೊಳ್ಳುವವನಿಗೆ ದೊರೆಯುತ್ತಿದ್ದ ನ್ಯಾಯ ತನ್ನನ್ನೇ ಕಳೆದುಕೊಳ್ಳುವವನಿಗೆ ದೊರೆಯುತ್ತಿರಲಿಲ್ಲ. ವಸಾಹತು ಸರಕಾರಕ್ಕೆ ಕಂದಾಯದ ಭೂಮಿ ಎಷ್ಟು ಮುಖ್ಯವಾಗಿತ್ತೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ.

1912ರ ಭಾರತೀಯ ಕಾಯಿದೆ ಕೆಲವು ಕಟ್ಟುಪಾಡುಗಳನ್ನು ತಂದಿತು. ಬಂಧುಗಳ ಅರ್ಜಿಗೆ ಇಬ್ಬರು ವೈದ್ಯರ ಪ್ರಮಾಣಪತ್ರ ಬೇಕಾಯಿತು. ಅರ್ಜಿಯ ವಿಚಾರಣೆಗೆ ರೋಗಿಯೆನಿಸಿದವನು ತನ್ನ ಪ್ರತಿನಿಧಿಯೊಬ್ಬನನ್ನು ನಿಯಮಿಸಬಹುದಾಗಿತ್ತು. ಆದರೆ ಅದೇ ವಿಚಾರಣೆಯಿಂದ ಆತನನ್ನು ಹೊರಗಿಡುವ ವಿವೇಚನೆಯೂ ಮ್ಯಾಜಿಸ್ಟ್ರೇಟರಿಗಿತ್ತು! ಅಲೆಮಾರಿಯ ವಿಷಯದಲ್ಲಿ ಠಾಣೆಯ ಅಧಿಕಾರಿಗೆ ತೋರಿದ ಸಂಶಯವೇ ಬಂಧನಕ್ಕೆ ಸಾಕು. ವೈದ್ಯಪರೀಕ್ಷೆಗಾಗಿ ಹತ್ತು ಹತ್ತು ದಿನಗಳಂತೆ, ಒಟ್ಟು 30 ದಿನಗಳ ಮಿತಿಯೊಳಗೆ, ಆತನನ್ನು ಇರಿಸಿಕೊಳ್ಳಬಹುದಾಗಿತ್ತು. ಬಂಧುಮಿತ್ರರು ಜವಾಬ್ದಾರಿಯ ಮುಚ್ಚಳಿಕೆ ಬರೆದುಕೊಟ್ಟರೆ ಅವರ ವಶಕ್ಕೆ ಒಪ್ಪಿಸುವುದುಂಟು. ಹೊಸರಿತ್ತಿಯಂಥ ಹಳ್ಳಿಯ ಬಡವನಿಗೆ ಈ ಮುಚ್ಚಳಿಕೆಯೇ ಇದ್ದ ಒಂದು ಆಸರೆ. ಒಳಗೆ ಹೋದ ಮೇಲೆ ಬಿಡುಗಡೆಯ ಮಾತು ಆಸ್ಪತ್ರೆಯ ಸಂದರ್ಶಕರ ಮರ್ಜಿಗೆ ಸೇರಿದ್ದು. ತಿಂಗಳಿಗೊಮ್ಮೆ ಬಂದು ನೋಡಬೇಕಾದ ಈ ಸಂದರ್ಶಕರಲ್ಲಿ ಮೂವರು, ಅವರಲ್ಲೊಬ್ಬರು ವೈದ್ಯಾಧಿಕಾರಿ, ಲಿಖಿತ ಆಜ್ಞೆಯಿಂದ ಬಿಡುಗಡೆ ಮಾಡಬಲ್ಲವರಾಗಿದ್ದರು.

ಸಂವಿಧಾನದ 21ನೆಯ ಅನುಚ್ಛೇದ 1950ರಿಂದ ಜಾರಿಯಲ್ಲಿದ್ದರೂ ಈ ಕಾಯಿದೆ ಇನ್ನೂ 43 ವರ್ಷ ಬಾಳಿತು. 1987ರಲ್ಲಿ ಸಂಸತ್ತು ಅಂಗೀಕರಿಸಿದ ಮಾನಸಿಕ ಆರೋಗ್ಯ ಕಾಯಿದೆ ಜಾರಿಗೆ ಬಂದುದು 1993ರ ಏಪ್ರಿಲ್ 1ರಂದು. ಗತಿಯಿಲ್ಲದ ರೋಗಿಗೆ ಸರಕಾರದ ವೆಚ್ಚದಲ್ಲಿ ವಕೀಲನನ್ನು ಕೊಡಬೇಕೆಂಬುದು ಅದರ 91ನೆಯ ಕಲಮು. ಅದೇ ವರ್ಷ ಸುಪ್ರೀಂ ಕೋರ್ಟು, ಶೀಲಾ ಬರ್ಸೆಯವರ ಮೊಕದ್ದಮೆಯಲ್ಲಿ, ಅಪರಾಧವಿಲ್ಲದ ಮನೋರೋಗಿಗಳನ್ನು ತುರಂಗದಲ್ಲಿಡುವುದು ಸಂವಿಧಾನಬಾಹಿರವೆಂದು ಸಾರಿತು. ಈ ಮಾತನ್ನು ಹೇಳಲು ಅಷ್ಟು ಕಾಲ ಬೇಕಾಯಿತೆಂಬುದು ಖೇದಕರ.

2017ರ ಕಾಯಿದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅಲೆಯುವವನನ್ನು ಕರೆದೊಯ್ಯುವವನು ಈಗಲೂ ಪೋಲೀಸನೇ. ಆದರೆ 24 ಗಂಟೆಗಳೊಳಗೆ ಸಮೀಪದ ಸರಕಾರಿ ಆರೋಗ್ಯ ಸಂಸ್ಥೆಗೆ ಮುಟ್ಟಿಸಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ಒಪ್ಪಿಗೆಯಿಲ್ಲದ ದಾಖಲಾತಿ ಮೊದಲಿಗೆ 30 ದಿನಗಳನ್ನು ಮೀರುವಂತಿಲ್ಲ. ಅದನ್ನು ಪ್ರಶ್ನಿಸಿ ರೋಗಿ ಪುನರ್ವಿಮರ್ಶಾ ಮಂಡಳಿಗೆ ಶುಲ್ಕವಿಲ್ಲದೆ ಅರ್ಜಿ ಕೊಡಬಹುದು. ಏಳು ದಿನಗಳಲ್ಲಿ ಅದು ಇತ್ಯರ್ಥವಾಗಬೇಕು. ಮಂಡಳಿಯ ತೀರ್ಮಾನದ ಮೇಲೆ ಹೈಕೋರ್ಟಿಗೆ ಅಪೀಲೂ ಉಂಟು. 1858ರಲ್ಲಿ ಹೊಲದ ಒಡೆಯನಿಗೆ ಮೀಸಲಾಗಿದ್ದ ಅಪೀಲು ಹೊಲವಿಲ್ಲದವನ ದೇಹಕ್ಕೂ ದೊರೆಯಲು ಹೀಗೆ ಬಹುಕಾಲ ಹಿಡಿಯಿತು. ಇನ್ನು ಆ ಅರ್ಜಿಯನ್ನು ಬರೆದುಕೊಡುವವರು ಆಸ್ಪತ್ರೆಯ ವಾರ್ಡಿನೊಳಗೆ ಯಾರಿದ್ದಾರೆ ಎಂಬುದನ್ನು ಕಾಯಿದೆಯ ಪುಸ್ತಕದಿಂದ ತಿಳಿಯಲಾಗದು. ಅದನ್ನು ವಾರ್ಡಿಗೇ ಹೋಗಿ ಕೇಳಬೇಕು.