ಹುತ್ತ ಹೇಳುವ ನೀರಿನ ಕಥೆ

ನಂದಿ ಬೆಟ್ಟದ ಬುಡದ ಹೊಲಗಳಲ್ಲಿ, ಬದುಗಳ ಮೇಲೆ ಹುತ್ತಗಳನ್ನು ನೀವು ನೋಡಿರಬಹುದು. ಹುತ್ತವಿದ್ದಲ್ಲಿ ನೀರಿದೆ ಎಂದು ಹಿರಿಯರು ಹೇಳುವುದನ್ನೂ ಕೇಳಿರಬಹುದು. ಈ ತಿಳಿವಳಿಕೆ ಎಷ್ಟು ಹಳೆಯದು? ಅದರಲ್ಲಿ ಹುರುಳೆಷ್ಟು?

ಆರನೆಯ ಶತಮಾನದಲ್ಲಿ ವರಾಹಮಿಹಿರ ರಚಿಸಿದ 'ಬೃಹತ್ಸಂಹಿತೆ'ಯಲ್ಲಿ ಅಂತರ್ಜಲವನ್ನು ಪತ್ತೆಹಚ್ಚುವ ಬಗೆಗೇ ಒಂದು ಅಧ್ಯಾಯವಿದೆ. ಅಲ್ಲಿ ಮರ, ಮಣ್ಣು, ಬಂಡೆಗಳಂತೆ ಹುತ್ತವೂ ಒಂದು ಕುರುಹು. ನೇರಳೆ ಮರದ ಪೂರ್ವಕ್ಕೆ ಹತ್ತಿರದಲ್ಲೇ ಹುತ್ತವಿದ್ದರೆ, ಮರದ ದಕ್ಷಿಣಕ್ಕೆ ಎರಡು 'ಪುರುಷ' ಆಳದಲ್ಲಿ ಸಿಹಿನೀರು ಸಿಗುತ್ತದೆ ಎಂಬುದು ಒಂದು ಸೂತ್ರ. ಎರಡು ಪುರುಷವೆಂದರೆ ಸುಮಾರು 15 ಅಡಿ. ಕನ್ನಡದಲ್ಲಿ ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ವೂ ನೆಲದಡಿಯ ನೀರನ್ನು ಗುರುತಿಸುವ ವಿದ್ಯೆಗೆ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ.

ಈ ಗಮನಿಕೆಗೆ ಜೀವವಿಜ್ಞಾನದ ಆಧಾರವಿದೆ. ಗೆದ್ದಲಿನ ಮೈಹೊದಿಕೆ ತೆಳು. ಒಣಗಾಳಿಯಲ್ಲಿ ಅದು ಬೇಗ ನೀರು ಕಳೆದುಕೊಂಡು ಸಾಯುತ್ತದೆ. ನಮ್ಮ ಸೀಮೆಯಲ್ಲಿ ಹುತ್ತ ಕಟ್ಟುವ ಓಡಾಂಟೊಟರ್ಮಿಸ್ ಜಾತಿಗಳು ಗೂಡಿನೊಳಗೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸುತ್ತವೆ. ಅದಕ್ಕೂ ಸದಾ ತೇವ ಬೇಕು. ಮಣ್ಣನ್ನು ಉಂಡೆ ಮಾಡಿ ಗೋಡೆ ಕಟ್ಟುವುದಕ್ಕೂ ಹದವಾದ ನೀರು ಬೇಕು. ಈ ಉಂಡೆಗಳ ಕಟ್ಟುವಿಕೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2017ರಲ್ಲಿ ವಿವರಿಸಿದ್ದಾರೆ. ಆದರೆ ನೀರು ಅತಿಯಾಗಿ ನಿಲ್ಲುವ ಜೌಗಿನಲ್ಲಿ ನೆಲದಡಿಯ ಗೂಡು ಉಳಿಯದು. ಹೀಗೆ ಅತಿ ಒಣಗಲೂ ಅತಿ ತೇವವೂ ಅವುಗಳ ನೆಲೆಗೆ ಎಲ್ಲೆ ಹಾಕುತ್ತವೆ.

ಹಾಗಾದರೆ ಹುತ್ತ ನೋಡಿ ಕೊಳವೆಬಾವಿ ಕೊರೆಸಬಹುದೇ? ಇಲ್ಲಿ ಎಚ್ಚರ ಬೇಕು. ಹುತ್ತ ಹೇಳುವುದು ಮೇಲ್ಪದರದ ಮಣ್ಣಿನ ತೇವದ ಮಾತನ್ನು. ತೆರೆದ ಬಾವಿಗಳ ಕಾಲದಲ್ಲಿ ಆ ಸುಳಿವಿಗೆ ಬೆಲೆಯಿತ್ತು. ಇಂದು ಚಿಕ್ಕಬಳ್ಳಾಪುರ ಜಿಲ್ಲೆಯ ಹಲವೆಡೆ ಕೊಳವೆಬಾವಿಗಳು 1000 ಅಡಿಗೂ ಕೆಳಗಿಳಿದಿವೆ. ಅಲ್ಲಿನ ನೀರು ಗಟ್ಟಿಶಿಲೆಯ ಬಿರುಕುಗಳಲ್ಲಿದೆ. ಆ ಬಿರುಕುಗಳ ಸುದ್ದಿ ಗೆದ್ದಲಿಗೆ ತಿಳಿಯದು. ಹುತ್ತವನ್ನೇ ನಂಬಿ ಸಾಲ ಮಾಡಿದ ರೈತನ ಬಾವಿ ಬರಿದಾದರೆ, ತಪ್ಪು ಹುತ್ತದ್ದಲ್ಲ. ನಾವು ನೀರನ್ನು ಅದರ ಕೈಗೆಟುಕದ ಆಳಕ್ಕೆ ಇಳಿಸಿದ್ದೇವೆ.

ಶಿಕ್ಷಕರೇ, ನಿಮ್ಮೂರಿನ ಹುತ್ತಗಳ ನಕ್ಷೆಯನ್ನು ವಿದ್ಯಾರ್ಥಿಗಳಿಂದ ಮಾಡಿಸಿ. ಪ್ರತಿ ಹುತ್ತದ ಬಳಿಯ ಮಣ್ಣು, ಮರ, ಇಳಿಜಾರು, ಕೆರೆಯಿಂದ ಇರುವ ದೂರ ಬರೆದಿಡಲಿ. ಹುತ್ತವಿಲ್ಲದ ಜಾಗಗಳನ್ನೂ ದಾಖಲಿಸಲಿ. ಹಳೆಯ ಸೂತ್ರವನ್ನು ತಲೆಯ ಮೇಲೆ ಹೊರುವುದೂ ಬೇಡ, ತಳ್ಳಿಹಾಕುವುದೂ ಬೇಡ, ಪರೀಕ್ಷಿಸಿ ನೋಡೋಣ.