ಪೈಲಟ್ 1000 ಮತ್ತು ಪಾಮ್ ವಿ
ಕೈಗಣಕಗಳು, ಅಮೆರಿಕ, 1996 ಮತ್ತು 1999

ಎಡಗಡೆಯದು 1996ರ ಪೈಲಟ್ 1000. ವಿಳಾಸ, ದಿನಚರಿ, ಟಿಪ್ಪಣಿಗಳನ್ನು ಜೇಬಿನಲ್ಲಿ ಒಯ್ಯಲೆಂದು ಜೆಫ್ ಹಾಕಿನ್ಸ್ ಅವರ ಪಾಮ್ ತಂಡ ರೂಪಿಸಿದ ಪ್ಲಾಸ್ಟಿಕ್ ಮೈಯ ಯಂತ್ರ. ಇದು ನಡೆಯುತ್ತಿದ್ದುದು ಬಳಸಿ ಎಸೆಯುವ ಎರಡು ಎಎಎ ಸೆಲ್‌ಗಳಿಂದ. ಪರದೆ ಕಪ್ಪುಬಿಳುಪಿನದು, ಹಿಂದಿನಿಂದ ಬೆಳಕಿಲ್ಲ. ಹಾಗಾಗಿ ಸೆಲ್‌ಗಳು ವಾರಗಟ್ಟಲೆ ಬಾಳುತ್ತಿದ್ದವು, ಮುಗಿದರೆ ಅಂಗಡಿಯಲ್ಲಿ ಹೊಸವು ಸುಲಭವಾಗಿ ಸಿಗುತ್ತಿದ್ದವು.

ಆದರೆ ಬರೆದದ್ದೆಲ್ಲ ಇರುತ್ತಿದ್ದುದು ವಿದ್ಯುತ್ ನಿಂತರೆ ಅಳಿಸಿಹೋಗುವ ಮೆಮೊರಿಯಲ್ಲಿ. ಸೆಲ್ ತೆಗೆದಾಗ ಒಳಗಿನ ಕೆಪಾಸಿಟರ್ ಅದನ್ನು ಸುಮಾರು ಒಂದು ನಿಮಿಷ ಕಾಯುತ್ತಿತ್ತು, ಅಷ್ಟೇ. ಹೊಸ ಸೆಲ್‌ಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹಳೆಯವನ್ನು ತೆಗೆಯಬೇಕಿತ್ತು.

ಬಲಗಡೆ 1999ರ ಪಾಮ್ ವಿ. ಅಲ್ಯೂಮಿನಿಯಂ ಮೈ, ಸುಮಾರು 1 ಸೆಂ.ಮೀ. ದಪ್ಪ. ಇಷ್ಟು ತೆಳ್ಳಗಾಗಲೆಂದು ಸೆಲ್‌ಗಳನ್ನು ಬಿಟ್ಟು, ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಒಳಗೇ ಕೂರಿಸಿದರು. ಮೇಜಿನ ಮೇಲಿನ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಕಂಪ್ಯೂಟರಿನೊಂದಿಗೆ ಮಾಹಿತಿ ಹೊಂದಿಸುವಾಗಲೇ ಚಾರ್ಜೂ ಆಗುತ್ತಿತ್ತು. ನಿಜಕ್ಕೂ ಚೆಲುವಾದ ವಸ್ತು. ಆ ಚೆಲುವಿಗೆ ತೆತ್ತ ಬೆಲೆಯೂ ಸಣ್ಣದಲ್ಲ: ಬ್ಯಾಟರಿ ಸವೆದರೆ ಬಳಸುವವರೇ ಅದನ್ನು ಸುಲಭವಾಗಿ ಬದಲಿಸುವಂತಿರಲಿಲ್ಲ.

ಎರಡರ ಬೆನ್ನನ್ನೂ ಗಮನಿಸಿ. ಪೈಲಟ್‌ಗೆ ಸೆಲ್ ಹಾಕುವ ಮುಚ್ಚಳವಿದೆ. ಪಾಮ್ ವಿಗೆ ಅದಿಲ್ಲ; ಅದರ ಮೈಯ ಎರಡು ಭಾಗಗಳನ್ನು ಅಂಟಿನಿಂದ ಕೂಡಿಸಲಾಗಿದೆ.