ಮನೆ ನಮ್ಮದು, ನಿಯಮವೇಕೆ?

ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಳ್ಳಿಗಳಲ್ಲಿ ಹಿಂದೆ ಮನೆ ಕಟ್ಟುವವರಿಗೆ ಮೇಸ್ತ್ರಿಯ ಮಾತೇ ಶಾಸನ. 1964ರ ಪುರಸಭೆಗಳ ಕಾಯಿದೆ ಪಟ್ಟಣಗಳಲ್ಲಿ ಪರವಾನಗಿ ಬೇಕೆನ್ನುತ್ತದೆ. ‘ನನ್ನ ನಿವೇಶನ, ನನ್ನ ಹಣ, ಕೇಳಲು ಇವರಾರು?’ ಎಂಬ ಪ್ರಶ್ನೆ ಸಹಜವೇ.

ಉತ್ತರಕ್ಕೆ ಮಹಾರಾಷ್ಟ್ರದ ಕಿಲ್ಲಾರಿಯನ್ನು ನೆನೆಯಬೇಕು. ಭೂಕಂಪದ ಅಪಾಯ ಅತಿ ಕಡಿಮೆಯೆಂದು ಅಂದಿನ ಭೂಪಟವು ಗುರುತಿಸಿದ್ದ ವಲಯವದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿತು. ಕೆಸರುಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಭಾರವಾದ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆ ಕುಸಿದು ಸಾವಿರಾರು ಜನ ಮಡಿದರು. ಕೊಂದದ್ದು ಭೂಮಿಗಿಂತ ಹೆಚ್ಚಾಗಿ ಗೋಡೆ.

ಹಕ್ಕುಪತ್ರ ಯಜಮಾನನದಿರಬಹುದು, ಸೂರಿನಡಿ ಮಲಗುವ ಮಕ್ಕಳ ಪ್ರಾಣ ಅವನ ಸ್ವತ್ತಲ್ಲ. ಆದುದರಿಂದ ನಿಯಮ ಬೇಕು. ಅದು ನಮ್ಮೂರ ಮೇಸ್ತ್ರಿಗೂ ಅರ್ಥವಾಗುವ ಕನ್ನಡದಲ್ಲಿರಬೇಕು. ಮನೆ ಕಟ್ಟಿಸುತ್ತಿರುವ ಶಿಷ್ಯರು ಇಷ್ಟನ್ನು ನೆನಪಿಡಿ.